ಗುಲ್ಮದ ಗಡ್ಡೆಗಳಿಗೆ ಹೆಸರು ಬಂದ ಕಥೆ

ಹೊಟ್ಟೆಯ ಎಡಮೇಲ್ಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ, ಸುಮಾರು 150 ಗ್ರಾಂ ತೂಕದ ಒಂದು ಅಂಗವಿದೆ. ಅದೇ ಗುಲ್ಮ. ಆಯುರ್ವೇದದಲ್ಲಿ ಅದರ ಹೆಸರು ಪ್ಲೀಹ. ನಾನು ಬಿ.ಎಸ್ಸಿ. ಓದುವಾಗ ಪಠ್ಯಪುಸ್ತಕದಲ್ಲಿ ಹೃದಯಕ್ಕೆ ಇಡೀ ಅಧ್ಯಾಯವಿತ್ತು, ಗುಲ್ಮಕ್ಕೆ ನಾಲ್ಕೇ ಸಾಲು. ಮಲೇರಿಯಾ ಬಂದವರಲ್ಲಿ ಇದು ಊದಿಕೊಳ್ಳುವುದನ್ನು ನಮ್ಮ ಹಿರಿಯರು ಕಂಡಿದ್ದರು. ಅದನ್ನು ಜ್ವರಗಡ್ಡೆ ಎಂದು ಕರೆದರು. ಆದರೆ ಗುಲ್ಮದ ರಕ್ತನಾಳಗಳಿಂದಲೇ ಹುಟ್ಟುವ ಗಡ್ಡೆಗಳು ಬೇರೆ; ಬಲು ಅಪರೂಪದವು. ಇಲ್ಲಿ ಹೇಳಹೊರಟಿರುವುದು ಅವುಗಳ ಕಥೆ.

ಗುಲ್ಮವೆಂದರೆ ರಕ್ತದ ಜರಡಿ. ಮುದಿಯಾದ ಕೆಂಪು ರಕ್ತಕಣಗಳನ್ನೂ ರೋಗಾಣುಗಳನ್ನೂ ಅದು ಸೋಸಿ ತೆಗೆಯುತ್ತದೆ. ಇದಕ್ಕಾಗಿ ಅದರೊಳಗೆ ಸಾವಿರಾರು ಸಣ್ಣ ಕಾಲುವೆಗಳಿವೆ. ಕಾಲುವೆಯ ಎರಡೂ ಬದಿಗೆ ದಡದಂತೆ ಸಾಲಾಗಿ ನಿಂತಿರುವ ಜೀವಕೋಶಗಳಿಗೆ ವಿಜ್ಞಾನಿಗಳು ‘ಲಿಟರಲ್’ ಕೋಶಗಳೆಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಇದರ ಮೂಲ ಪದಕ್ಕೆ ದಡ ಎಂದೇ ಅರ್ಥ.

1867ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಜೂಲ್ ಪೆಯಾನ್ ಒಬ್ಬ ಯುವತಿಯ ಗುಲ್ಮವನ್ನು ತೆಗೆದರು, ಆಕೆ ಬದುಕಿದಳು. 1879ರಲ್ಲಿ ಥಿಯೋಡರ್ ಲಾಂಗ್‌ಹಾನ್ಸ್ ಗುಲ್ಮದ ರಕ್ತನಾಳಗಳಿಂದ ಬೆಳೆದ ಮಾರಕ ಕ್ಯಾನ್ಸರನ್ನು ವರ್ಣಿಸಿದರು. ಅದರ ಹೆಸರು ಆಂಜಿಯೋಸಾರ್ಕೋಮಾ. ಅದು ಬೇಗನೆ ಬೇರೆ ಅಂಗಗಳಿಗೆ ಹರಡುತ್ತದೆ. ಗುಲ್ಮವೇ ಒಡೆದು ಹೊಟ್ಟೆಯೊಳಗೆ ರಕ್ತ ಸುರಿಯುವುದೂ ಉಂಟು. ಇದರ ಎದುರು ತುದಿಯಲ್ಲಿ ಹೆಮಾಂಜಿಯೋಮಾ ಎಂಬ ನಿರಪಾಯಕಾರಿ ಗಡ್ಡೆಯಿತ್ತು.

ಹಾಗಾದರೆ ಇವೆರಡರ ನಡುವೆ ಬೇರೇನೂ ಇರಲಿಲ್ಲವೇ? ಇತ್ತು. ಆದರೆ ಗುರುತಿಸುವ ಸಾಧನವಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಾಣುವುದು ರಕ್ತ ತುಂಬಿದ ನಾಳಗಳು ಮಾತ್ರ. ಆ ನಾಳಗಳ ಕೋಶಗಳು ಯಾವ ಕುಲದವು ಎಂದು ಬರೀ ನೋಟ ಹೇಳದು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನ ಕಂಡುಹಿಡಿದರು. ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಅಂಟುವ ಈ ಪ್ರತಿಕಾಯಗಳು ಬಣ್ಣದ ನೆರವಿನಿಂದ ಕೋಶದ ಗುರುತುಚೀಟಿಯನ್ನೇ ಓದಿ ಹೇಳಿದವು.

ಇದರ ಫಲ 1991ರಲ್ಲಿ ಕಂಡಿತು. ಫಾಲ್ಕ್, ಸ್ಟುಟ್ಟೆ ಮತ್ತು ಫ್ರಿಝೇರಾ ಎಂಬ ಮೂವರು 17 ರೋಗಿಗಳ ಗಡ್ಡೆಗಳನ್ನು ಪರೀಕ್ಷಿಸಿದರು. ಅವುಗಳ ಕೋಶಗಳಲ್ಲಿ ರಕ್ತನಾಳದ ಗುರುತೂ ಇತ್ತು, ರೋಗಾಣುಗಳನ್ನು ನುಂಗುವ ಭಕ್ಷಕ ಕೋಶಗಳ ಗುರುತೂ ಇತ್ತು. ಇವು ದಡದ ಕೋಶಗಳಿಂದ ಹುಟ್ಟಿದ ಗಡ್ಡೆಗಳು! ‘ಲಿಟರಲ್ ಕೋಶದ ಆಂಜಿಯೋಮಾ’ ಎಂಬ ಹೆಸರು ಹೀಗೆ ಬಂತು. 2004ರಲ್ಲಿ ಮಾರ್ಟೆಲ್ ಮತ್ತು ಸಂಗಡಿಗರು 25 ರೋಗಿಗಳನ್ನು ಆಧರಿಸಿ, ನಾರಿನಂಥ ಅಂಗಾಂಶದ ನಡುವೆ ರಕ್ತನಾಳದ ಗಂಟುಗಳಿರುವ ‘ಸ್ಯಾಂಟ್’ ಎಂಬ ಮತ್ತೊಂದು ನಿರಪಾಯಕಾರಿ ಬಗೆಯನ್ನು ವರ್ಣಿಸಿದರು.

ಹೆಸರಿನಿಂದ ರೋಗಿಗೇನು ಲಾಭ ಎಂದು ನೀವು ಕೇಳಬಹುದು. ಬಹಳ ಲಾಭವಿದೆ. ಸ್ಯಾಂಟ್ ಎಂದು ಗೊತ್ತಾದವರು ನೆಮ್ಮದಿಯಿಂದ ಮನೆಗೆ ಹೋಗಬಹುದು. ಲಿಟರಲ್ ಕೋಶದ ಗಡ್ಡೆ ಸಾಮಾನ್ಯವಾಗಿ ಸೌಮ್ಯವಾದರೂ, ಕೆಲವರಲ್ಲಿ ದೇಹದ ಬೇರೆಡೆ ಕ್ಯಾನ್ಸರ್ ಕಂಡುಬಂದಿರುವುದರಿಂದ ಅವರ ಮೇಲೆ ನಿಗಾ ಬೇಕು. ಆಂಜಿಯೋಸಾರ್ಕೋಮಾ ಆದರೆ ಒಂದು ದಿನವೂ ತಡಮಾಡುವಂತಿಲ್ಲ.

ಆದರೆ ಈ ಜ್ಞಾನಕ್ಕೆ ಒಂದು ಬೆಲೆಯಿದೆ. ಸ್ಕ್ಯಾನ್ ಚಿತ್ರದಲ್ಲಿ ಈ ಗಡ್ಡೆಗಳು ಒಂದನ್ನೊಂದು ಹೋಲುತ್ತವೆ. ಸೂಜಿ ಚುಚ್ಚಿದರೆ ರಕ್ತಸ್ರಾವದ ಭಯ. ಹಾಗಾಗಿ ಅನೇಕ ಬಾರಿ ಗುಲ್ಮವನ್ನು ತೆಗೆದ ಮೇಲೆಯೇ ನಿಜ ತಿಳಿಯುತ್ತದೆ. ಗುಲ್ಮವಿಲ್ಲದೆಯೂ ಬದುಕಬಹುದೆಂದು ವೈದ್ಯರು ಬಹುಕಾಲ ನಿಶ್ಚಿಂತರಾಗಿದ್ದರು. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶುಮಾಕರ್, ಗುಲ್ಮ ತೆಗೆಸಿಕೊಂಡ ಐದು ಶಿಶುಗಳು ತೀವ್ರ ಸೋಂಕಿಗೆ ತುತ್ತಾದದ್ದನ್ನು ವರದಿ ಮಾಡಿದಾಗ ಆ ನಿಶ್ಚಿಂತೆ ಹೋಯಿತು. ಆದ್ದರಿಂದಲೇ ಇಂದು ಸಾಧ್ಯವಾದರೆ ಶಸ್ತ್ರಕ್ರಿಯೆಗೆ ಮೊದಲೇ ನ್ಯುಮೊಕಾಕಸ್ ಮುಂತಾದ ರೋಗಾಣುಗಳ ವಿರುದ್ಧ ಲಸಿಕೆ ಹಾಕುತ್ತಾರೆ; ಕೆಲವೊಮ್ಮೆ ಗುಲ್ಮದ ಒಂದು ಭಾಗವನ್ನಾದರೂ ಉಳಿಸಿಕೊಳ್ಳುತ್ತಾರೆ.

17 ರೋಗಿಗಳು, 25 ರೋಗಿಗಳು: ಸಂಖ್ಯೆ ಚಿಕ್ಕದು. ಆದರೆ ಮುಂದೆ ಅದೇ ಗಡ್ಡೆಯೊಡನೆ ಬರುವ ರೋಗಿಗೆ ವೈದ್ಯರು ಕೊಡುವ ಉತ್ತರ ಅವರಿಂದ ಬಂದದ್ದು. ಅಪರೂಪದ ಕಾಯಿಲೆಯನ್ನು ತಾಳ್ಮೆಯಿಂದ ನೋಡಿ ಬರೆದಿಡುವುದೂ ಒಂದು ಚಿಕಿತ್ಸೆಯೇ.