ಮನೆಗಾವಲಿನ ನಿಸ್ತಂತು ಸಾಧನಗಳೂ ಪರವಾನಗಿಯ ಪ್ರಶ್ನೆಯೂ: ಚಿತ್ರದುರ್ಗ ಜಿಲ್ಲೆಯನ್ನು ಕುರಿತು

ನಿಸ್ತಂತು ಸಾಧನವನ್ನು ಪರವಾನಗಿಯಿಲ್ಲದೆ ಇರಿಸಿಕೊಳ್ಳುವುದನ್ನೇ 1933ರ ಅಧಿನಿಯಮವು ನಿಷೇಧಿಸಿದ್ದಿತಾದರೂ, ಅಲ್ಪಶಕ್ತಿಯ ಉಪಕರಣಗಳಿಗೆ 2.4 ಗಿಗಾಹರ್ಟ್ಸ್ ಹಾಗೂ 865–867 ಮೆಗಾಹರ್ಟ್ಸ್ ತರಂಗಪಟ್ಟಿಗಳಲ್ಲಿ 2005ರಲ್ಲಿಯೂ, 433–434 ಮೆಗಾಹರ್ಟ್ಸ್ ಪಟ್ಟಿಯಲ್ಲಿ 2012ರಲ್ಲಿಯೂ ಕೇಂದ್ರ ಸರ್ಕಾರವು ವಿನಾಯಿತಿಯನ್ನಿತ್ತ ಬಳಿಕ, ಆ ಮಿತಿಗೊಳಪಟ್ಟ ಸಾಧನಗಳಿಗೆ ಮನೆಯೊಡೆಯನು ತರಂಗದ ಪರವಾನಗಿಯನ್ನು ಪಡೆಯಬೇಕಾಗಿಲ್ಲವೆಂಬುದು ನಿರ್ವಿವಾದ. ಹೊಸದಾಗಿ ವಿದ್ಯುತ್ ವೈರಿಂಗ್ ಮಾಡಿಸುವಲ್ಲಿ ಲೈಸೆನ್ಸುಳ್ಳ ಗುತ್ತಿಗೆದಾರನೇ ಬೇಕೆಂಬುದೂ ಹಳೆಯ ಮಾತೇ.

ವಿವಾದವಿರುವುದು 2005ರ ಖಾಸಗಿ ಭದ್ರತಾ ಏಜೆನ್ಸಿಗಳ (ವಿನಿಯಮನ) ಅಧಿನಿಯಮದ ವ್ಯಾಪ್ತಿಯನ್ನು ಕುರಿತು. ಸ್ವತ್ತಿನ ರಕ್ಷಣೆಯೆಲ್ಲವೂ ಅದರ ಪರಿಭಾಷೆಯೊಳಗೆ ಬರುವುದರಿಂದ, ಯಂತ್ರವನ್ನು ಜೋಡಿಸುವವನಿಗೂ 4ನೆಯ ಪ್ರಕರಣದ ಪರವಾನಗಿ ಅವಶ್ಯವೆಂದು ವಾದಿಸುವವರುಂಟು. ಈ ವಾದವನ್ನು ಒಪ್ಪುವುದು ನನಗೆ ಕಷ್ಟ. ಹೊಳಲ್ಕೆರೆಯ ಕಡೆಯ ತೋಟದ ಮನೆಯೊಂದನ್ನು ಊಹಿಸಿಕೊಳ್ಳೋಣ: ಒಣಗಿದ ಅಡಕೆಯ ಚೀಲಗಳನ್ನಿರಿಸಿದ ಕೋಣೆಯ ಬಾಗಿಲುವಾಡಕ್ಕೆ ಸೆನ್ಸರನ್ನೂ ಕದಕ್ಕೆ ಅಯಸ್ಕಾಂತದ ತುಂಡನ್ನೂ ಅಂಟಿಸಿದೆ, ಕದವು ಸರಿದೊಡನೆ ಪಡಸಾಲೆಯ ಪೆಟ್ಟಿಗೆಗೆ ಸಂಕೇತ ತಲಪಿ, ಸೈರನ್ನು ಕೂಗಿ, ಒಡೆಯನ ಮೊಬೈಲಿಗೆ ಕರೆ ಹೋಗುತ್ತದೆ. ಜೋಡಿಸಿದವನು ಕೂಲಿ ಪಡೆದು ಎಂದೋ ಹೊರಟುಹೋಗಿದ್ದಾನೆ; ಎದ್ದು ಓಡಬೇಕಾದವನು ಒಡೆಯನೇ. ಅಧಿನಿಯಮವಾದರೋ ಕಾವಲುಗಾರನ ವಯಸ್ಸು 18ಕ್ಕೆ ಕಡಿಮೆಯಿಲ್ಲದೆ 65ರ ಒಳಗಿರಬೇಕು, ಅವನಿಗೆ ತರಬೇತಿಯಾಗಬೇಕು, ಮೇಲ್ವಿಚಾರಕನಿರಬೇಕು ಎಂದು ಮನುಷ್ಯರನ್ನು ಕುರಿತೇ ವಿಧಿಸುತ್ತ ಸಾಗುತ್ತದೆ. ಸ್ಕ್ರೂಡ್ರೈವರ್ ಹಿಡಿದು ಬಂದು ಹೋಗುವವನಿಗೆ ಈ ವಿಧಿಗಳು ಹೊಂದುವುದೆಂತು? ಇದಲ್ಲದೆ 4ನೆಯ ಪ್ರಕರಣದ ಉಲ್ಲಂಘನೆಗೆ ಒಂದು ವರ್ಷದವರೆಗೆ ಸೆರೆವಾಸವನ್ನು ವಿಧಿಸಬಹುದಾಗಿರುವಾಗ, ಸಂದೇಹವಿರುವಲ್ಲಿ ಅರ್ಥವನ್ನು ಹಿಗ್ಗಿಸದಿರುವುದೇ ನ್ಯಾಯಸಮ್ಮತವೆನಿಸೀತು. ಆದುದರಿಂದ ಕೇವಲ ಜೋಡಣೆಗೆ ಈ ಪರವಾನಗಿ ಬೇಕಿಲ್ಲವೆಂದು ಹೇಳಬಹುದೆಂದು ತೋರುತ್ತದೆ.

ಈ ಮಾತಾದರೂ ಜೋಡಿಸಿದವನು ಕಾವಲಿನ ಹೊಣೆಯನ್ನು ಹೊರದಿರುವ ಮಟ್ಟಿಗೆ ಮಾತ್ರ. ವಾರ್ಷಿಕ ಕರಾರಿನಲ್ಲಿ ಸೈರನ್ನು ಕೂಗಿದಾಗ ಆಳನ್ನು ಕಳುಹಿಸುವುದಾಗಿ ಒಪ್ಪಿದರೆ, ಅದು ವೃತ್ತಿಯಾಗಿರುವ ಪಕ್ಷದಲ್ಲಿ, ಪರವಾನಗಿಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಆಗ 7ನೆಯ ಪ್ರಕರಣದಂತೆ ಒಂದು ಜಿಲ್ಲೆಗೆ 5,000, ಐದು ಜಿಲ್ಲೆಗಳವರೆಗೆ 10,000 ರೂಪಾಯಿ ಶುಲ್ಕ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳು ಒಂದೇ ಜಿಲ್ಲೆಯವಾದುದರಿಂದ ಮೊದಲನೆಯದೇ ಸಾಕು. ಹಿರಿಯೂರಿನವನು ಹೆದ್ದಾರಿ ಹಿಡಿದು ಶಿರಾಕ್ಕೆ ದಾಟಿದನೋ, ಅದು ತುಮಕೂರು ಜಿಲ್ಲೆ, ಶುಲ್ಕ ಇಮ್ಮಡಿ!

ಆಳನ್ನು ಕಳುಹಿಸದೆ, ಹೊಸದುರ್ಗದ ಮನೆಯಂಗಳದ ಚಿತ್ರವನ್ನು ದೂರದ ಬೆಂಗಳೂರಿನಲ್ಲಿ ಕುಳಿತು ಇರುಳೆಲ್ಲ ನೋಡುತ್ತ, ಸಂಶಯ ಬಂದಾಗ ಠಾಣೆಗೆ ಫೋನು ಮಾಡುವವನು ಯಾವ ಪಕ್ಷಕ್ಕೆ ಸೇರುವನೆಂಬುದನ್ನು ಮೇಲಿನ ತರ್ಕವು ನಿರ್ಣಯಿಸಲಾರದು. ಅದು ಪ್ರತ್ಯೇಕ ವಿಚಾರಣೆಗೆ ಅರ್ಹವಾಗಿದೆ.