ಚಕಮಕಿಯಿಂದ ತೋಟಾವರೆಗೆ: ಬೇಟೆಕೋವಿ ಬದಲಾದ ಬಗೆ

ಕೋವಿಯ ಭಾಗಗಳೆಲ್ಲ ಒಂದೇ ಕಾಲಕ್ಕೆ ಹಳತಾಗುವುದಿಲ್ಲ. ಚೆನ್ನಾಗಿ ನೋಡಿಕೊಂಡ ನಳಿಗೆ ಮೂರು ತಲೆಮಾರು ಬಾಳುತ್ತದೆ. ಮರದ ಹಿಡಿ ಸೀಳಿದರೆ ಬೇರೆ ಕೆತ್ತಿ ಕೂರಿಸಬಹುದು. ಮೊದಲು ಹಿಂದೆ ಬೀಳುವುದು ಮದ್ದಿಗೆ ಬೆಂಕಿ ಮುಟ್ಟಿಸುವ ಏರ್ಪಾಡು. ಅದಕ್ಕಾಗಿಯೇ ಹಳೆಯ ಕೋವಿಯನ್ನು ಎಸೆಯದೆ ಆ ಒಂದು ಭಾಗವನ್ನು ಹೊಸ ಕಾಲಕ್ಕೆ ತಕ್ಕಂತೆ ಬದಲಿಸಿಕೊಳ್ಳುವ ಕಸುಬು ಕೋವಿಯಷ್ಟೇ ಹಳೆಯದು. ಭಾರತದಲ್ಲಿ ಈ ಕಸುಬು ಹಿಡಿದ ದಾರಿಯನ್ನು ಕಮ್ಮಾರನ ಕೈಚಳಕಕ್ಕಿಂತ ಹೆಚ್ಚಾಗಿ ತೀರ್ಮಾನಿಸಿದ್ದು ಎರಡು ಸಂಗತಿಗಳು: ಪೇಟೆಯಲ್ಲಿ ಯಾವ ತೋಟಾ ಸಿಗುತ್ತದೆ, ಸರ್ಕಾರ ಯಾವುದಕ್ಕೆ ಒಪ್ಪುತ್ತದೆ.

ಹದಿನೆಂಟನೆಯ ಶತಮಾನದ ಕೋವಿ ಉರಿಯುತ್ತಿದ್ದುದು ಚಕಮಕಿ ಕಲ್ಲಿನಿಂದ. ಟಿಪ್ಪುವಿನ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ತಯಾರಾದ, ಹುಲಿಯ ಚಿತ್ತಾರದ ಸೊಗಸಾದ ಕೋವಿಗಳೂ ಈ ಬಗೆಯವೇ. ಕಲ್ಲು ಉಕ್ಕಿನ ಫಲಕಕ್ಕೆ ತಾಗಿ ಕಿಡಿ ಹಾರಬೇಕು, ಕಿಡಿ ಬಟ್ಟಲಿನ ಮದ್ದಿಗೆ ಬೀಳಬೇಕು, ಅಲ್ಲಿಂದ ಸಣ್ಣ ತೂತಿನ ಮೂಲಕ ಉರಿ ನಳಿಗೆಯೊಳಕ್ಕೆ ಹೋಗಬೇಕು. ಮಳೆಯಲ್ಲಿ ಬಟ್ಟಲಿನ ಮದ್ದು ಒದ್ದೆಯಾದರೆ ಮುಗಿಯಿತು. ಬಿಸಿಲಿದ್ದರೂ ಬೇಟೆಗಾರನಿಗೆ ಇನ್ನೊಂದು ತೊಡಕಿತ್ತು: ಬಟ್ಟಲು ಭಗ್ಗೆಂದದ್ದು ಕಂಡೊಡನೆ, ಈಡು ಬರುವ ಮುನ್ನವೇ ಹಕ್ಕಿ ಹಾರಿಬಿಡುತ್ತಿತ್ತು. ಇದರಿಂದ ಬೇಸತ್ತ ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೋರ್ಸೈತ್, ಏಟು ಬಿದ್ದರೆ ತಾನೇ ಸಿಡಿಯುವ ರಾಸಾಯನಿಕ ಪುಡಿಯನ್ನು ಬಳಸುವ ಉಪಾಯ ಹುಡುಕಿ 1807ರಲ್ಲಿ ಹಕ್ಕುಪತ್ರ ಪಡೆದ. ಮುಂದಿನ ಎರಡು ದಶಕಗಳಲ್ಲಿ ಅದು ತಾಮ್ರದ ಪುಟ್ಟ ಟೋಪಿಯ ರೂಪ ತಾಳಿತು. ಮಲೆನಾಡಿನವರು ಕೇಪು ಎನ್ನುವುದು ಇದನ್ನೇ.

ಚಕಮಕಿ ಕೋವಿಯನ್ನು ಕೇಪಿನ ಕೋವಿ ಮಾಡುವುದು ದುಬಾರಿ ಕೆಲಸವಾಗಿರಲಿಲ್ಲ. ಬಟ್ಟಲು, ಫಲಕಗಳನ್ನು ಕಳಚಿ, ಕಿಡಿತೂತಿನ ಜಾಗದಲ್ಲಿ ಕೇಪು ಕೂರುವ ಮೊಳೆಯನ್ನು ತಿರುಗಿಸಿ ಬಿಗಿದು, ಕಲ್ಲು ಕಚ್ಚಿದ್ದ ಕುದುರೆಯ ಬದಲು ಸುತ್ತಿಗೆಯಂಥ ಕುದುರೆ ಹಾಕಿದರಾಯಿತು. ನಳಿಗೆ, ಹಿಡಿ, ಗಜ ಎಲ್ಲವೂ ಹಿಂದಿನವೇ. ಯುರೋಪಿನಲ್ಲಿ 1830, 40ರ ದಶಕಗಳಲ್ಲಿ ಇಂಥ ಪರಿವರ್ತನೆ ಭರದಿಂದ ನಡೆಯಿತು. ಇಂದು ಚಕಮಕಿ ಕೋವಿಯ ಸಂಗ್ರಾಹಕರು ಆ ಕಾಲದ ಕಮ್ಮಾರರನ್ನು ಶಪಿಸುತ್ತಾರೆ, ಆದರೆ ಅವರು ಮಾಡಿದ್ದು ವಿವೇಕದ ಕೆಲಸವೇ.

ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಹಿಂಬದಿಯಿಂದ ತುಂಬುವಂತೆ ಮಾಡಿದ್ದು ಅದಕ್ಕಿಂತ ದೊಡ್ಡ ಜಿಗಿತ. ಇದರ ಹೆಸರಾಂತ ಉದಾಹರಣೆ ಬ್ರಿಟಿಷ್ ಸೈನ್ಯದ 1853ರ ಮಾದರಿಯ ಎನ್‌ಫೀಲ್ಡ್. 1857ರ ದಂಗೆಯ ಕಿಡಿ ಎನಿಸಿದ ಕೊಬ್ಬು ಸವರಿದ ತೋಟಾ ಈ ರೈಫಲ್ಲಿನದೇ. ದಂಗೆ ಅಡಗಿದ ಮೇಲೆ ಭಾರತೀಯ ಸಿಪಾಯಿಗಳ ಪಾಲಿಗೆ ಈ ಕೋವಿ ಕಂಡದ್ದು ಮೇಲ್ದರ್ಜೆಯನ್ನಲ್ಲ, ಹಿಂಬಡ್ತಿಯನ್ನು. ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಕೊರೆದು ನುಣುಪಾಗಿಸಿ, ದೂರದ ಗುರಿಗೆ ಏರಿಸಿ ಇಳಿಸಬಹುದಾಗಿದ್ದ ಗುರಿಪಟ್ಟಿಯನ್ನು ತೆಗೆದುಹಾಕಿ ಅವರಿಗೆ ಕೊಡಲಾಯಿತು. ಇತ್ತ ಬ್ರಿಟಿಷ್ ತುಕಡಿಗಳಿಗಾಗಿ ಅದೇ ಎನ್‌ಫೀಲ್ಡ್‌ಗಳನ್ನು 1866ರಿಂದ ಅಮೆರಿಕದ ಜೇಕಬ್ ಸ್ನೈಡರ್‌ನ ಉಪಾಯದಂತೆ ಬದಲಿಸಲಾಯಿತು: ನಳಿಗೆಯ ಹಿಂಭಾಗವನ್ನು ಸುಮಾರು ಎರಡೂವರೆ ಅಂಗುಲ ಕತ್ತರಿಸಿ, ಅಲ್ಲಿ ಪಕ್ಕಕ್ಕೆ ತೆರೆಯುವ ಕೀಲುಬಾಗಿಲು ಜೋಡಿಸುವುದು. ನಿಮಿಷಕ್ಕೆ ಮೂರು ಈಡು ಹೊಡೆಯುತ್ತಿದ್ದವನು ಹತ್ತು ಹೊಡೆಯುವಂತಾದ. ಹೊಸ ಕೋವಿ ಮಾಡಿಸುವುದಕ್ಕಿಂತ ಎಷ್ಟೋ ಅಗ್ಗದಲ್ಲಿ ಒಂದು ಸಾಮ್ರಾಜ್ಯದ ಶಸ್ತ್ರಾಗಾರವೇ ಹೊಸದಾಯಿತು. ಸ್ನೈಡರ್ ಅದೇ ವರ್ಷ ಸಾಲದಲ್ಲಿ ತೀರಿಕೊಂಡ.

ಹಳೆ ನಳಿಗೆಗೆ ನಿಜವಾದ ಅಪಾಯ ಬಂದದ್ದು ಹೊಗೆಯಿಲ್ಲದ ಮದ್ದಿನಿಂದ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಇದನ್ನು ಕಂಡುಹಿಡಿದ. ಕರಿಮದ್ದಿಗಿಂತ ಇದರ ಒತ್ತಡ ಬಹಳ ಹೆಚ್ಚು. ಅದಕ್ಕೆ ಮುಂಚಿನ ಬೆಲೆಬಾಳುವ ಬೇಟೆಕೋವಿಗಳ ನಳಿಗೆಗಳನ್ನು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು, ಸುತ್ತಿ, ಕಾಯಿಸಿ ಬೆಸೆದು ಮಾಡುತ್ತಿದ್ದರು. ಡಮಾಸ್ಕಸ್ ಎಂದು ಕರೆಯುವ ಆ ನಳಿಗೆಯ ಮೈಮೇಲೆ ರೇಷ್ಮೆ ಸೀರೆಯ ಅಂಚಿನಂಥ ವಿನ್ಯಾಸ ಮೂಡುತ್ತದೆ. ಬೆಸುಗೆಯ ನಡುವೆ ತುಕ್ಕು ಅಡಗಿದ್ದರೆ ಅದು ಹೊರಗೆ ಕಾಣುವುದಿಲ್ಲ. ಹಾಗಾಗಿ ಹಳೆ ಕೋವಿ ಕೈಗೆ ಬಂದಾಗ ಬಲ್ಲವರು ಮೊದಲು ನೋಡುವುದು ನಳಿಗೆಯ ಅಡಿಯಲ್ಲಿರುವ ಪರೀಕ್ಷಾ ಮುದ್ರೆಯನ್ನು. ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಸ್ಥಾಪನೆಯಾದ ಪರೀಕ್ಷಾಲಯವೂ ಲಂಡನ್ನಿನದೂ ಪ್ರತಿ ನಳಿಗೆಯಲ್ಲಿ ಹೆಚ್ಚಿನ ಮದ್ದು ಸುಟ್ಟು ನೋಡಿಯೇ ಮುದ್ರೆ ಒತ್ತುತ್ತಿದ್ದವು. ಹೊಸ ಮದ್ದಿನ ಮುದ್ರೆಯಿಲ್ಲದ ನಳಿಗೆಗೆ ಇಂದಿನ ತೋಟಾ ಹಾಕುವಂತಿಲ್ಲ. ಇದಕ್ಕೆ ಕಸುಬುದಾರರು ಕಂಡುಕೊಂಡ ಪರಿಹಾರವೆಂದರೆ, ಹಳೆ ನಳಿಗೆಯ ಬುಡವನ್ನಷ್ಟೇ ಉಳಿಸಿಕೊಂಡು ಮುಂದಕ್ಕೆ ಹೊಸ ಉಕ್ಕಿನ ಕೊಳವೆ ಕೂರಿಸಿ ಮತ್ತೆ ಪರೀಕ್ಷೆಗೆ ಕಳಿಸುವುದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸರ್ಕಾರದ ಒಂದು ನಿಷೇಧ ಬೇಟೆರೈಫಲ್ಲುಗಳ ಇತಿಹಾಸವನ್ನೇ ತಿರುಗಿಸಿತು. ಗಡಿನಾಡಿನ ದಂಗೆಕೋರರ ಕೈಯಲ್ಲಿ .450 ಅಳತೆಯ ಮಾರ್ಟಿನಿ ಹೆನ್ರಿ ರೈಫಲ್ಲುಗಳಿದ್ದವು. ಅವರಿಗೆ ಗುಂಡು ಸಿಗದಿರಲೆಂದು 1907ರ ಸುಮಾರಿಗೆ ಆ ಅಳತೆಯ ರೈಫಲ್ಲು, ತೋಟಾಗಳು ಭಾರತಕ್ಕೆ ಬರುವುದನ್ನೇ ತಡೆಯಲಾಯಿತು. ಆನೆ, ಕಾಟಿಗಳ ಬೇಟೆಗೆ ಎಲ್ಲರೂ ನೆಚ್ಚಿದ್ದ ಅಳತೆಯೂ ಅದೇ. ಇಂಗ್ಲೆಂಡಿನ ತಯಾರಕರು ಕೈಕಟ್ಟಿ ಕೂರಲಿಲ್ಲ; .470, .465, .476 ಎಂದು ಕೂದಲೆಳೆಯಷ್ಟು ಹೆಚ್ಚು ದಪ್ಪನೆಯ ಗುಂಡುಗಳ ಸಾಲೇ ಮಾರುಕಟ್ಟೆಗೆ ಬಂತು. ಸೈನ್ಯದ .303 ತೋಟಾ ನಾಗರಿಕರಿಗೆ ನಿಷಿದ್ಧವಾದದ್ದರಿಂದ .315 ಇಲ್ಲಿನ ಬೇಟೆಗಾರರ ಅಳತೆಯಾಯಿತು. ಬಂಗಾಳದ ಇಶಾಪುರ ಕಾರ್ಖಾನೆ ಸೈನ್ಯದ ಲೀ ಎನ್‌ಫೀಲ್ಡ್ ಯಂತ್ರವನ್ನೇ ಆಧರಿಸಿ .315 ರೈಫಲ್ಲುಗಳನ್ನು ಮಾಡಿತು. ಪೊಲೀಸರಿಗಾಗಿ ಅವೇ ಸೈನಿಕ ರೈಫಲ್ಲುಗಳ ನಳಿಗೆಯ ಗೀರು ಅಳಿಸಿ .410 ಅಳತೆಯ ಬಂದೂಕುಗಳನ್ನಾಗಿಯೂ ಬದಲಿಸಿತು. ದಂಗೆಯ ನಂತರದ ಆ ತಂತ್ರವೇ ಮತ್ತೆ ಬಂದಂತೆ.

ಕೊಡಗಿನದು ಬೇರೆಯೇ ಕಥೆ. ಉಳಿದ ದೇಶದಿಂದ ಆಯುಧ ಕಸಿಯುವ ಕಾನೂನು ಜಾರಿಗೆ ಬಂದಾಗ, 1861ರ ಫೆಬ್ರವರಿಯಲ್ಲಿ ಮುಖ್ಯ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟ. ಸ್ವತಂತ್ರ ಭಾರತವೂ 1963ರ ಅಧಿಸೂಚನೆಯಲ್ಲಿ ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಅದನ್ನು ಮುಂದುವರಿಸಿತು. 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಣೆಯಾದ ಈ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ ಒಕ್ಕದ, ಎಂದರೆ ಮನೆತನದ, ಕೋವಿಗಳನ್ನು ಒರೆಸಿ, ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜಿಸುತ್ತಾರೆ. ಬಳಿಕ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಪುತ್ತರಿ ಸುಗ್ಗಿಹಬ್ಬದ ಕದಿರು ಕೊಯ್ಯುವಾಗಲೂ, ಮನೆಯಲ್ಲಿ ಸಾವಾದಾಗಲೂ ಈಡು ಹೊಡೆಯುವ ರೂಢಿಯಿದೆ. ಹೀಗೆ ವರ್ಷಕ್ಕೆ ಕೆಲವು ಸಲವಾದರೂ ಉರಿಯಲೇಬೇಕಾದ ಕೋವಿ ತುಕ್ಕು ಹಿಡಿದು ಮೂಲೆ ಸೇರುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಕೋವಿಗೆ ಬೇಟೆಯ ಕೆಲಸ ತಪ್ಪಿತು. ಮಲೆನಾಡಿನಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ ಉಳಿದುಕೊಂಡ ಕೋವಿಗಳು ಚುನಾವಣೆ ಬಂದರೆ ಪೊಲೀಸ್ ಠಾಣೆಯಲ್ಲಿ ಠೇವಣಿಯಾಗುತ್ತವೆ. ದುರಸ್ತಿಯ ಗುರಿಯೂ ಬದಲಾಗಿದೆ. ಶಕ್ತಿ ಹೆಚ್ಚಿಸುವುದಕ್ಕಿಂತ ಮೂಲ ರೂಪ ಉಳಿಸುವುದೇ ಈಗ ಮುಖ್ಯ: ಮರಕ್ಕೆ ಮೆರುಗೆಣ್ಣೆಯ ಬದಲು ಅಗಸೆ ಎಣ್ಣೆ ತೀಡುವುದು, ತಯಾರಕನ ಹೆಸರು, ಮುದ್ರೆಗಳು ಸವೆಯದಂತೆ ನಳಿಗೆಗೆ ಮರಳುಕಾಗದ ತಾಗಿಸದಿರುವುದು, ಹೊಳಪು ಬರಿಸುವ ಆಸೆಗೆ ಬೀಳದಿರುವುದು. ಇದನ್ನು ಸ್ನೇಹಿತನಿಗಾಗಿ ಮನೆಯ ಹಿತ್ತಲಲ್ಲಿ ಮಾಡಿಕೊಡುವ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಡಿ ತಯಾರಿಕೆ, ಮಾರಾಟಗಳಂತೆ ದುರಸ್ತಿಗೂ ಪರವಾನಗಿ ಬೇಕು; ನಳಿಗೆ ಮೊಟಕುಗೊಳಿಸುವುದಕ್ಕೆ 6ನೇ ಕಲಮು ಪ್ರತ್ಯೇಕ ಪರವಾನಗಿ ಕೇಳುತ್ತದೆ. 45ನೇ ಕಲಮು ಪುರಾತನ ಅಥವಾ ಕೆಟ್ಟುಹೋದ ಆಯುಧಕ್ಕೆ ರಿಯಾಯಿತಿ ಕೊಟ್ಟರೂ, ದುರಸ್ತಿ ಮಾಡಿದರೂ ಹಾರದಂಥ ಕೋವಿಗೆ ಮಾತ್ರ ಅದು ಅನ್ವಯಿಸುತ್ತದೆ.