ಮನೆಯೊಳಗಿನ ಎಲೆಕ್ಟ್ರಿಕ್ ಗಿಟಾರ್ ಧ್ವನಿಮುದ್ರಣ

ಎಲೆಕ್ಟ್ರಿಕ್ ಗಿಟಾರಿನ ನಾದವನ್ನು ದೊಡ್ಡ ಸ್ಪೀಕರಿನಲ್ಲಿ ಮೊಳಗಿಸದೆ, ತಂತಿಯಿಂದ ಹುಟ್ಟಿದ ವಿದ್ಯುತ್ತನ್ನೇ ನೇರವಾಗಿ ಕಂಪ್ಯೂಟರಿಗೆ ಹಾಯಿಸಿ ಮಾಡುವ ಧ್ವನಿಮುದ್ರಣ. ನುಡಿಸುವವರ ಕಿವಿಗೆ ಹೆಡ್‌ಫೋನ್ ಇರುತ್ತದೆ. ಕೋಣೆಯಲ್ಲಿ ಕೇಳುವುದು ತಂತಿಯ ಸಣ್ಣ ಟಿಣಟಿಣ ಮಾತ್ರ. ನೆರೆಮನೆಯವರ ನಿದ್ದೆ ಕೆಡಬಾರದೆಂದು ನಗರಗಳಲ್ಲಿ ಬೆಳೆದ ಈ ಪದ್ಧತಿಗೆ ಕೊಡಗಿನಂಥ ಮಳೆಸೀಮೆಯಲ್ಲಿ ಇನ್ನೊಂದು ಪ್ರಯೋಜನವೂ ಇದೆ. ಅಲ್ಲಿ ಗಿಟಾರಿನ ಸದ್ದು ಹೊರಗೆ ಹೋಗದಂತೆ ತಡೆಯುವುದಕ್ಕಿಂತ ಮಳೆಯ ಸದ್ದು ಗಿಟಾರಿನ ಮುದ್ರಣದೊಳಗೆ ಬಾರದಂತೆ ತಡೆಯುವುದೇ ದೊಡ್ಡ ಕೆಲಸ. ಎರಡಕ್ಕೂ ಉಪಾಯ ಒಂದೇ.

ಗಟ್ಟಿ ಮರದ ಒಡಲಿನ ಎಲೆಕ್ಟ್ರಿಕ್ ಗಿಟಾರ್ ಸ್ವತಃ ಗದ್ದಲದ ವಾದ್ಯವಲ್ಲ. ವೀಣೆಗಿರುವ ಕೊಡವಾಗಲಿ ಸಾದಾ ಗಿಟಾರಿಗಿರುವ ಟೊಳ್ಳು ಹೊಟ್ಟೆಯಾಗಲಿ ಇದಕ್ಕಿಲ್ಲ. ಉಕ್ಕಿನ ತಂತಿಗಳ ಕೆಳಗೆ, ಅಯಸ್ಕಾಂತಕ್ಕೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿದ ಪಿಕಪ್ ಕೂತಿರುತ್ತದೆ. ಮೇಲಿನ ತಂತಿ ಅದುರಿದಂತೆ ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ ಹುಟ್ಟುತ್ತದೆ. ಪಿಕಪ್ ಗ್ರಹಿಸುವುದು ಉಕ್ಕಿನ ಅದುರನ್ನು, ಗಾಳಿಯ ಅಲೆಯನ್ನಲ್ಲ. ಅಂಗಳದಲ್ಲಿ ನಾಯಿ ಬೊಗಳಿದರೂ ಹೆಂಚಿನ ಮೇಲೆ ಮಳೆ ಹುಯ್ದರೂ ಅದಕ್ಕೆ ತಿಳಿಯುವುದಿಲ್ಲ.

ಗದ್ದಲ ಶುರುವಾಗುವುದು ಆಂಪ್ಲಿಫೈಯರಿನಲ್ಲಿ. ಹಳೆಯ ವಾಲ್ವ್ ಆಂಪ್‌ಗಳನ್ನು ಮಿತಿಮೀರಿ ದುಡಿಸಿದಾಗ ನಾದ ಒಡೆದು ಒರಟಾಗುತ್ತದೆ; ರಾಕ್ ಸಂಗೀತ ತನ್ನದೆಂದು ಒಪ್ಪಿಕೊಂಡದ್ದು ಆ ಒರಟುತನವನ್ನೇ. 1965ರ ಸುಮಾರಿಗೆ ಲಂಡನ್ನಿನ ಜಿಮ್ ಮಾರ್ಷಲ್, ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ಮುಂತಾದವರ ಬೇಡಿಕೆಯಂತೆ 100 ವಾಟ್‌ನ ಆಂಪ್ ತಯಾರಿಸಿದ. ಅದನ್ನು ಪೂರ್ತಿ ತಿರುಗಿಸಿದರೆ ಪಕ್ಕದಲ್ಲಿ ನಿಂತವರ ಕಿವಿಗೆ ಬೀಳುವ ಸದ್ದು ನೂರು ಡೆಸಿಬೆಲ್ ದಾಟುತ್ತದೆ. ಕಡಿಮೆ ಮಾಡಿದರೆ ಸದ್ದಿನ ಜೊತೆ ಆ ಸ್ವಾದವೂ ಹೋಗುತ್ತದೆ. ಮನೆಯಲ್ಲಿ ನುಡಿಸುವವರ ಕಷ್ಟವೆಲ್ಲ ಇದೊಂದೇ. ಮುಂದಿನ ಅರ್ಧ ಶತಮಾನದ ಶೋಧಗಳು ಇದರ ಸುತ್ತಲೇ ಸುತ್ತಿವೆ.

ಗ್ಯಾರೇಜು, ನೆಲಮಾಳಿಗೆ

ಮಾರಾಟಕ್ಕೆ ಬಂದ ಮೊದಲ ಎಲೆಕ್ಟ್ರಿಕ್ ಗಿಟಾರುಗಳಲ್ಲೊಂದು ರಿಕನ್‌ಬ್ಯಾಕರ್ ಸಂಸ್ಥೆಯದು, 1932ರದ್ದು. ಬಾಣಲೆಯ ಆಕಾರವಿದ್ದುದರಿಂದ ಜನ ಅದನ್ನು ‘ಫ್ರೈಯಿಂಗ್ ಪ್ಯಾನ್’ ಎಂದು ಕರೆದರು. ತೊಡೆಯ ಮೇಲೆ ಮಲಗಿಸಿ ಕಡ್ಡಿ ಜಾರಿಸಿ ನುಡಿಸುವ ಹವಾಯಿಯನ್ ಗಿಟಾರ್ ಅದು. ಇದೇ ಹವಾಯಿಯನ್ ಗಿಟಾರ್ ಭಾರತಕ್ಕೂ ಬಂದು, ಕಲ್ಕತ್ತೆಯ ಮೂಲಕ ಹಿಂದಿ ಸಿನಿಮಾ ಮತ್ತು ಲಘು ಸಂಗೀತದಲ್ಲಿ ನೆಲೆಯಾಯಿತು.

ಮನೆಯನ್ನೇ ಸ್ಟುಡಿಯೊ ಮಾಡಿಕೊಂಡವರಲ್ಲಿ ಮೊದಲು ಹೆಸರಿಸಬೇಕಾದವನು ಅಮೆರಿಕದ ಲೆಸ್ ಪಾಲ್. ಹಾಲಿವುಡ್ಡಿನ ತನ್ನ ಮನೆಯ ಗ್ಯಾರೇಜಿನಲ್ಲಿ ತಟ್ಟೆ ಕೊರೆಯುವ ಯಂತ್ರಗಳನ್ನಿಟ್ಟುಕೊಂಡು, ಒಂದರ ಮೇಲೊಂದು ಎಂಟು ಗಿಟಾರ್ ಪಲುಕುಗಳನ್ನು ಒಬ್ಬನೇ ಪೇರಿಸಿ ‘ಲವರ್’ ಎಂಬ ಕೃತಿಯನ್ನು 1948ರಲ್ಲಿ ಹೊರತಂದ. ಒಂದು ಪದರದಲ್ಲಿ ತಪ್ಪಾದರೆ ಅದನ್ನು ಮತ್ತೆ ಕೊರೆಯಬೇಕಿತ್ತು. ಟೇಪ್ ಬಂದ ಮೇಲೆ ಈ ಕಷ್ಟ ಇಳಿಯಿತು; 1957ರಲ್ಲಿ ಆಂಪೆಕ್ಸ್ ಕಂಪನಿ ಅವನಿಗೆ ಎಂಟು ಟ್ರ್ಯಾಕುಗಳ ಯಂತ್ರವನ್ನೇ ಮಾಡಿಕೊಟ್ಟಿತು.

ಆಂಪ್‌ನ ಮುಂದೆ ಮೈಕ್ ಇಡುವ ಬದಲು ಗಿಟಾರಿನ ವೈರನ್ನೇ ಮಿಕ್ಸರಿಗೆ ಚುಚ್ಚುವ ಕ್ರಮ 1960ರ ದಶಕದಲ್ಲಿ ಡೆಟ್ರಾಯಿಟಿನ ಮೋಟೌನ್ ಮತ್ತು ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊಗಳಲ್ಲಿ ಬಳಕೆಗೆ ಬಂತು. 1968ರ ಬೀಟಲ್ಸ್ ಹಾಡು ‘ರೆವಲ್ಯೂಷನ್’ನಲ್ಲಿ ಕೇಳುವ ಹರಿತವಾದ ಗಿಟಾರಿಗೆ ಆಂಪ್ ಇರಲಿಲ್ಲ, ಮಿಕ್ಸರನ್ನೇ ಮಿತಿಮೀರಿ ದುಡಿಸಿ ಆ ನಾದ ತೆಗೆದರು. ನೆರೆಯವರ ಹಿತಕ್ಕಾಗಿ ಮಾಡಿದ ಕೆಲಸ ಅದಲ್ಲ. ಆದರೆ ಮೌನವಾಗಿಯೂ ಒರಟು ನಾದ ತೆಗೆಯಬಹುದೆಂಬುದಕ್ಕೆ ದೊಡ್ಡ ಪುರಾವೆಯಾಯಿತು.

ಈ ಚರಿತ್ರೆಯ ನಿಜವಾದ ನಾಯಕ ಟಾಮ್ ಶೋಲ್ಜ್ ಎಂದು ಹೇಳಬೇಕು. ಎಂಐಟಿಯಲ್ಲಿ ಎಂಜಿನಿಯರಿಂಗ್ ಓದಿ ಪೋಲರಾಯ್ಡ್ ಕಂಪನಿಯಲ್ಲಿದ್ದ ಇವನು ಮನೆಯ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಕೂತು ಮುದ್ರಿಸಿದ ಹಾಡುಗಳೇ 1976ರ ‘ಬಾಸ್ಟನ್’ ಆಲ್ಬಮ್ಮಿನ ಬಹುಪಾಲು. 1980ರಲ್ಲಿ ‘ಪವರ್ ಸೋಕ್’ ಎಂಬ ಪೆಟ್ಟಿಗೆ ತಂದ. ಆಂಪ್ ಪೂರ್ತಿ ದುಡಿಯುತ್ತಿರುತ್ತದೆ, ಸ್ಪೀಕರಿಗೆ ಹೋಗಬೇಕಾದ ಶಕ್ತಿಯ ಹೆಚ್ಚಿನ ಪಾಲನ್ನು ಈ ಪೆಟ್ಟಿಗೆ ಹೀರಿ ಶಾಖವಾಗಿಸುತ್ತದೆ. 1982ರಲ್ಲಿ ‘ರಾಕ್‌ಮನ್’ ಬಂತು. ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಡ್‌ಫೋನಿನಲ್ಲಿ ಕೇಳುವಷ್ಟು ಸಣ್ಣದು ಅದು. ಅಷ್ಟರಲ್ಲಿ, 1979ರಲ್ಲೇ, ಸಾಮಾನ್ಯ ಕ್ಯಾಸೆಟ್ಟಿನಲ್ಲಿ ನಾಲ್ಕು ಟ್ರ್ಯಾಕ್ ಮುದ್ರಿಸುವ ಟ್ಯಾಸ್ಕಾಮ್ ಪೋರ್ಟಸ್ಟುಡಿಯೊ ಮಾರುಕಟ್ಟೆಗೆ ಬಂದಿತ್ತು.

ಕರ್ನಾಟಕದಲ್ಲಿ

ಕನ್ನಡನಾಡಿಗೆ ಮನೆಯೊಳಗಿನ ಸ್ಟುಡಿಯೊ ಹೊಸದಲ್ಲ. ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠಲ ವಿಹಾರ’ದಲ್ಲೇ 30 ವಾಟ್‌ನ ಪ್ರಸಾರಯಂತ್ರ ಇಟ್ಟು ‘ಆಕಾಶವಾಣಿ’ ಆರಂಭಿಸಿದ್ದರು. ಆದರೆ ಹಾಡಿನ ಮುದ್ರಣ ಮನೆಗೆ ಬರಲು ಬಹುಕಾಲ ಹಿಡಿಯಿತು. ಕನ್ನಡ ಚಿತ್ರಗೀತೆಗಳು ದಶಕಗಟ್ಟಲೆ ಮದ್ರಾಸಿನ ಸ್ಟುಡಿಯೊಗಳಲ್ಲೇ ಮುದ್ರಣವಾದವು. ಇಳಯರಾಜ ಸಂಗೀತದ ‘ಗೀತಾ’ (1981) ಚಿತ್ರದ ಗಿಟಾರನ್ನು ಕೇಳಿ ಬೆಳೆದ ಹುಡುಗರಿಗೆ ಆ ನಾದ ಎಲ್ಲಿಂದ ಬಂತೆಂಬುದೇ ಒಗಟು. ಆ ಚಿತ್ರದ ನಟ, ನಿರ್ದೇಶಕ ಶಂಕರ್‌ನಾಗ್ ಮುಂದೆ ಬೆಂಗಳೂರಿನಲ್ಲಿ ‘ಸಂಕೇತ್’ ಧ್ವನಿಮುದ್ರಣ ಸ್ಟುಡಿಯೊ ಕಟ್ಟಿದರು.

ವಾದ್ಯದ ಬೆಲೆಯೂ ಅಡ್ಡಿಯೇ. ಆಮದು ಸುಂಕದ ಕಾಲದಲ್ಲಿ ವಿದೇಶಿ ಗಿಟಾರ್ ಕೈಗೆಟುಕುತ್ತಿರಲಿಲ್ಲ. ಕಲ್ಕತ್ತೆಯ ಗಿವ್ಸನ್ ಗಿಟಾರೇ ಬಹಳ ಮಂದಿಯ ಮೊದಲ ಗಿಟಾರು, ಸಭೆ ಸಮಾರಂಭಕ್ಕೆ ಬಾಡಿಗೆಗೆ ಸಿಗುವ ಅಹುಜಾ ಆಂಪ್ಲಿಫೈಯರೇ ಆಂಪು. ಭಾಷಣಕ್ಕೆಂದು ಮಾಡಿದ ಆ ಯಂತ್ರದಲ್ಲಿ ಗಿಟಾರ್ ಚುಚ್ಚಿದರೆ ಹೊರಡುವ ಕರ್ಕಶ ನಾದವನ್ನು ಒಮ್ಮೆ ಕೇಳಿದವರು ಮರೆಯಲಾರರು. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಥರ್ಮಲ್ ಅಂಡ್ ಎ ಕ್ವಾರ್ಟರ್ (1996), ಕ್ರಿಪ್ಟೋಸ್ (1998) ಮೊದಲಾದ ತಂಡಗಳು ಹುಟ್ಟಿದವು. ಅದೇ ಹೊತ್ತಿಗೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಕಂಪ್ಯೂಟರ್ ಮಧ್ಯಮವರ್ಗದ ಮನೆಗಳಿಗೆ ಬಂದಿತ್ತು. ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದ 2007ರ ಹೊತ್ತಿಗೆ, ಗಿಟಾರ್ ಕಲಿಯುವ ಹುಡುಗನ ಮೇಜಿನ ಮೇಲೆ ಕಂಪ್ಯೂಟರ್ ಇರುವುದು ಸಾಮಾನ್ಯವಾಗಿತ್ತು.

ಕಂಪ್ಯೂಟರೊಳಗಿನ ಆಂಪ್

ಮೊದಮೊದಲು ಜನ ಗಿಟಾರನ್ನು ಕಂಪ್ಯೂಟರಿನ ಹಿಂದಿನ ಮೈಕ್ ತೂತಿಗೆ ಚುಚ್ಚಿ ನಿರಾಶರಾದರು. ನಾದ ಮಂಕು, ಅದೂ ತಡವಾಗಿ ಬರುತ್ತಿತ್ತು. ಮಂಕಾಗಲು ಕಾರಣ ಪ್ರತಿರೋಧ: ಪಿಕಪ್‌ಗೆ ಸುಮಾರು ಒಂದು ಮೆಗಓಮ್‌ನ ಒಳದಾರಿ ಬೇಕು, ಮೈಕ್ ತೂತಿನಲ್ಲಿ ಇರುವುದು ಅದರ ಸಣ್ಣ ಪಾಲು. ಇಂದಿನ ಆಡಿಯೊ ಇಂಟರ್‌ಫೇಸುಗಳಲ್ಲಿ ‘ಇನ್ಸ್ಟ್’ ಎಂಬ ಗುಂಡಿ ಇರುವುದು ಇದಕ್ಕೇ. ತಡವಾಗುವುದಕ್ಕೆ ಕಾರಣ ಕಂಪ್ಯೂಟರ್ ಧ್ವನಿಯನ್ನು ಕಂತೆ ಕಂತೆಯಾಗಿ ಸಾಗಿಸುವುದು. 1997ರಲ್ಲಿ ಸ್ಟೈನ್‌ಬರ್ಗ್ ಸಂಸ್ಥೆ ಎಎಸ್‌ಐಒ ಎಂಬ ಒಳದಾರಿ ತೆರೆದ ಮೇಲೆ ಇದು ಹತೋಟಿಗೆ ಬಂತು. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ 128 ಮಾದರಿಗಳ ಕಂತೆಗೆ ತಗಲುವುದು ಮೂರು ಮಿಲಿಸೆಕೆಂಡಿಗೂ ಕಡಿಮೆ. ಶಬ್ದ ಗಾಳಿಯಲ್ಲಿ ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ ಹತ್ತು ಮಿಲಿಸೆಕೆಂಡ್ ತಡ ಎಂದರೆ ಆಂಪ್‌ನಿಂದ ಮೂರೂವರೆ ಮೀಟರ್ ದೂರ ಕೂತಷ್ಟೇ. ಅದನ್ನು ಬೆರಳು ಸಹಿಸಿಕೊಳ್ಳುತ್ತದೆ, ಐವತ್ತನ್ನು ಸಹಿಸದು.

ಆಂಪ್‌ನ ನಡವಳಿಕೆಯನ್ನೇ ಲೆಕ್ಕಾಚಾರವಾಗಿ ಬರೆಯುವ ಕೆಲಸ ರೋಲ್ಯಾಂಡ್ ವಿಜಿ-8 (1995), ಲೈನ್ 6 ಕಂಪನಿಯ ಹುರುಳಿಬೀಜದಾಕಾರದ ಪಾಡ್ (1998) ಇವುಗಳಿಂದ ಜನಪ್ರಿಯವಾಯಿತು. ಆಮೇಲೆ ಆಂಪ್ಲಿಟ್ಯೂಬ್ (2002), ಗಿಟಾರ್ ರಿಗ್ ಮತ್ತು ಆಪಲ್‌ನ ಗ್ಯಾರೇಜ್‌ಬ್ಯಾಂಡ್ (ಎರಡೂ 2004) ಬಂದವು. ಸ್ಪೀಕರ್ ಪೆಟ್ಟಿಗೆ, ಮೈಕ್, ಕೋಣೆ ಇವುಗಳ ಗುಣವನ್ನು ಒಂದು ಕ್ಷಣದ ಧ್ವನಿಮುದ್ರೆಯಲ್ಲಿ ಸೆರೆಹಿಡಿಯುವ ‘ಇಂಪಲ್ಸ್ ರೆಸ್ಪಾನ್ಸ್’ ಕಡತಗಳು ಬಂದದ್ದು ಬಹುಶಃ ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಅವಿಲ್ಲದ ಗಿಟಾರ್ ಜೇನುನೊಣ ಡಬ್ಬಿಯಲ್ಲಿ ಸಿಕ್ಕಿಕೊಂಡಂತೆ ಕೇಳುತ್ತದೆ. ಈಗ ಸ್ಟೀವನ್ ಆಟ್ಕಿನ್ಸನ್ ರೂಪಿಸಿದ ನ್ಯೂರಲ್ ಆಂಪ್ ಮಾಡೆಲರ್ ಎಂಬ ಮುಕ್ತ ತಂತ್ರಾಂಶ ನಿಜವಾದ ಆಂಪ್‌ನ ನಾದವನ್ನು ಕಲಿತು ಬಿಟ್ಟಿಯಾಗಿ ಕೊಡುತ್ತಿದೆ.

ನಷ್ಟವೂ ಇದೆ. ದೊಡ್ಡ ಸ್ಪೀಕರಿನ ಎದುರು ನಿಂತಾಗ ಅದರ ಗಾಳಿ ತಂತಿಯನ್ನು ಮತ್ತೆ ಅದುರಿಸಿ ನಾದ ನಿಲ್ಲದೆ ಮೊರೆಯುತ್ತದೆ; ಗಿಟಾರ್ ವಾದಕ ಹೆಂಡ್ರಿಕ್ಸ್ ಇದನ್ನೇ ಕಲೆಯಾಗಿಸಿದ. ಹೆಡ್‌ಫೋನಿನಲ್ಲಿ ಅದು ಸಿಗದು.

ಕೊಡಗಿನಲ್ಲಿ

ಕೊಡಗು ರಾಜ್ಯದಲ್ಲೇ ಅತಿ ವಿರಳ ಜನವಸತಿಯ ಜಿಲ್ಲೆ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 135 ಜನ, ರಾಜ್ಯದ ಸರಾಸರಿ 319. ಕಾಫಿ ತೋಟದ ನಡುವಿನ ಒಂಟಿಮನೆಯಲ್ಲಿ ಗಿಟಾರ್ ಎಷ್ಟು ಮೊಳಗಿದರೂ ಕೇಳುವವರು ತೋಟದ ನಾಯಿಗಳು. ಸುಗ್ಗಿಹಬ್ಬ ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಕೋವಿಯಿಂದ ಗುಂಡು ಹಾರಿಸುವ ನಾಡಿದು. ಸದ್ದಿಗೆ ಹೆದರುವ ಜನರಲ್ಲ. ಮಡಿಕೇರಿ ಪೇಟೆಯ ಮಾತು ಬೇರೆ. ಅಲ್ಲಿ ಗುಡ್ಡದ ಇಳಿಜಾರಿನಲ್ಲಿ ಮನೆಗಳು ಮೆಟ್ಟಿಲಂತೆ ಕೂತಿವೆ, ಒಬ್ಬರ ಅಂಗಳದ ಮಟ್ಟಕ್ಕೆ ಇನ್ನೊಬ್ಬರ ಸೂರು. ವಿಜಯದಶಮಿಯ ರಾತ್ರಿ ದಸರಾ ಮೆರವಣಿಗೆಯ ದಶಮಂಟಪಗಳ ಅಬ್ಬರವನ್ನು ಸಂಭ್ರಮದಿಂದ ಕೇಳುವ ಊರಾದರೂ ಉಳಿದ ರಾತ್ರಿಗಳಿಗೆ ಅದು ಅನ್ವಯಿಸದು. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ಹತ್ತು ವಾಟ್‌ನ ಆಟಿಕೆಯಂಥ ಆಂಪ್ ಕೂಡ ಈ ಮಿತಿಯನ್ನು ಸುಲಭವಾಗಿ ಮೀರುತ್ತದೆ.

ಕೊಡಗಿನ ಅಸಲಿ ಗದ್ದಲ ಮಳೆಯದು. ಭಾಗಮಂಡಲದ ಕಡೆ ವರ್ಷಕ್ಕೆ ಐದು ಸಾವಿರ ಮಿಲಿಮೀಟರ್ ದಾಟುವುದುಂಟು. ಪೂರ್ವಕ್ಕೆ ಕುಶಾಲನಗರದ ಹೊತ್ತಿಗೆ ಅದು ಬಹಳ ಇಳಿಯುತ್ತದೆ. ಕಕ್ಕಡ ತಿಂಗಳಲ್ಲಿ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮನೆಯೊಳಗೆ ಕೂರುವ ಹೊತ್ತು ಹೆಚ್ಚು. ಆದರೆ ತಗಡಿನ ಮಾಡಿನ ಕೆಳಗೆ ಮೈಕ್ ಇಟ್ಟರೆ ಮುದ್ರಣವಾಗುವುದು ಮಳೆಯೇ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವ ಜನಪ್ರಿಯ ಉಪಾಯ ಇಲ್ಲಿ ನಿಷ್ಪ್ರಯೋಜಕ. ಅದು ಕೋಣೆಯ ಮಾರ್ದನಿಯನ್ನು ಚೂರು ಕುಗ್ಗಿಸೀತು, ಸದ್ದನ್ನು ತಡೆಯಲಾರದು, ತಡೆಯುವುದು ಭಾರ. ಕೊಡವರ ಹಿರಿಯರ ಮನೆಗಳಾದ ಐನ್‌ಮನೆಗಳ ದಪ್ಪ ಗೋಡೆಗೆ ಆ ಭಾರವಿದೆ, ಆದರೆ ಹೆಂಚು ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ಮಳೆಯ ಸದ್ದು ಇಳಿದುಬರುತ್ತದೆ.

ಹೀಗಾಗಿ ನೇರ ಮುದ್ರಣ ಇಲ್ಲಿಗೆ ಹೇಳಿ ಮಾಡಿಸಿದ್ದು. ಗಿಟಾರ್, ಬಾಸ್ ಗಿಟಾರ್, ಕೀಬೋರ್ಡುಗಳನ್ನು ಮಳೆಯ ನಡುವೆಯೇ ಮುದ್ರಿಸಬಹುದು. ಕಂಠಕ್ಕೆ ಮಾತ್ರ ಮಳೆ ಹೊಳವಾಗುವವರೆಗೆ ಕಾಯಬೇಕು, ಅಥವಾ ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು, ಕಂಬಳಿ ಹೊದೆದು ಹಾಡಬೇಕು. ಕೊಡವ ಪಾಟ್‌ಗೆ, ಅಂದರೆ ಹಾಡಿಗೆ, ಗಿಟಾರ್ ಸೇರಿಸುವವರಿಗೆ ನಿಜವಾದ ಪರೀಕ್ಷೆ ದುಡಿ ಎಂಬ ಚರ್ಮವಾದ್ಯ. ಅದಕ್ಕೆ ಪಿಕಪ್ ಇಲ್ಲ. ಅದರ ನಾದ ಚರ್ಮದಿಂದ ಗಾಳಿಗೆ, ಗಾಳಿಯಿಂದ ಮೈಕಿಗೆ ಬರಬೇಕು. ಕಂಪ್ಯೂಟರಿನ ಸಿದ್ಧ ತಾಳವಾದ್ಯಗಳನ್ನು ಅದರ ಜಾಗಕ್ಕೆ ಹಾಕಿದ ಹಾಡುಗಳು ಸಪ್ಪೆಯಾಗಿ ಕೇಳುತ್ತವೆ ಎಂಬುದು ಈ ಲೇಖಕನ ಅಭಿಪ್ರಾಯ.

ಮಳೆಗಾಲದ ಇನ್ನೊಂದು ಕಾಟ ಕರೆಂಟು. ಮರ ಬಿದ್ದು ಲೈನ್ ಹೋದರೆ ತೋಟದ ಮನೆಗಳು ದಿನಗಟ್ಟಲೆ ಕತ್ತಲಲ್ಲಿರುತ್ತವೆ. ಅಗ್ಗದ ಇನ್ವರ್ಟರಿನ ಚೌಕಾಕಾರದ ಅಲೆ ಪಿಕಪ್‌ನಲ್ಲಿ ಜುಂಯ್‌ಗುಡುತ್ತದೆ, ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ 50 ಹರ್ಟ್ಸ್‌ನ ಗುಂಯ್ ಸೇರುತ್ತದೆ. ಎರಡು ಸುರುಳಿಗಳನ್ನು ಎದುರುಬದುರಾಗಿ ಜೋಡಿಸಿ ಈ ಗುಂಯ್ ಅಳಿಸುವ ‘ಹಂಬಕರ್’ ಪಿಕಪ್ಪನ್ನು ಗಿಬ್ಸನ್ ಕಂಪನಿಯ ಸೆಥ್ ಲವರ್ 1955ರಲ್ಲೇ ರೂಪಿಸಿದ್ದ. ಇಲ್ಲಿಗೆ ಅದೇ ಒಳ್ಳೆಯದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದರೆ ಎಷ್ಟೋ ಸಲ ಸದ್ದು ಪೂರ್ತಿ ಮಾಯವಾಗುತ್ತದೆ. ತೇವಕ್ಕೆ ಉಕ್ಕಿನ ತಂತಿ ವಾರಗಳಲ್ಲೇ ತುಕ್ಕು ಹಿಡಿಯುತ್ತದೆ, ಆದ್ದರಿಂದ ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಯೊಳಗೆ ಸಿಲಿಕಾ ಚೀಲದ ಜೊತೆ ಇಡಬೇಕು. ಏಪ್ರಿಲ್, ಮೇ ಮತ್ತು ಅಕ್ಟೋಬರ್ ತಿಂಗಳ ಸಿಡಿಲು ಇವೆಲ್ಲಕ್ಕಿಂತ ಅಪಾಯಕಾರಿ. ಗುಡುಗು ಶುರುವಾಗುವ ಮೊದಲೇ ಕಂಪ್ಯೂಟರ್, ಇಂಟರ್‌ಫೇಸ್ ಮತ್ತು ಇಂಟರ್‌ನೆಟ್ ಮೋಡೆಮ್ ಮೂರರ ಪ್ಲಗ್ಗುಗಳನ್ನೂ ಗೋಡೆಯಿಂದ ಕೀಳಬೇಕು. ಸ್ವಿಚ್ ಆರಿಸಿದರೆ ಸಾಲದು.